ಮನೆಯಲ್ಲಿ ಬೆಳೆದು ಒಣಗಿಸಿದ ಗಾಂಜಾ ಹೂವು ಔಷಧಿಯೇ? ಒಂದೇ ಗಿಡವಿದ್ದರೆ ಕೇಸ್ ಆಗುವುದಿಲ್ಲವೇ?

“ಹಿತ್ತಲಲ್ಲಿ ಒಂದು ಗಾಂಜಾ ಗಿಡ ಬೆಳೆಸಿ. ಹೂವನ್ನು ನೆರಳಲ್ಲಿ ಒಣಗಿಸಿ ಗಾಜಿನ ಬಾಟಲಿಯಲ್ಲಿ ತುಂಬಿಡಿ. ನಶೆ ಇಳಿದು ಕ್ಯಾನ್ಸರ್ ನೋವಿಗೆ ಔಷಧಿಯಾಗುತ್ತದೆ. ಮನೆ ಬಳಕೆಗೆ ಕಾನೂನಿನ ಅಡ್ಡಿಯಿಲ್ಲ.” ಇಂಥ ಮೆಸೇಜ್ ಬಂದರೆ ನಂಬಬಹುದೇ? ಒಂದೊಂದಾಗಿ ನೋಡೋಣ.

ಹೇಳಿಕೆ 1: ಒಣಗಿಸಿದರೆ ನಶೆ ಇಳಿಯುತ್ತದೆ
ಸುಳ್ಳು. ಹಸಿ ಹೂವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಒಣಗಿಸಿದಾಗ ಹೋಗುವುದು ಆ ನೀರು. ಹಸಿ ಗಿಡದಲ್ಲಿ ಹೆಚ್ಚಾಗಿ ಇರುವುದು ಟಿಎಚ್‌ಸಿಎ ಎಂಬ ಆಮ್ಲ, ಅದರಿಂದ ಅಷ್ಟಾಗಿ ನಶೆ ಏರುವುದಿಲ್ಲ. ಒಣಗುವಾಗ ಸ್ವಲ್ಪ, ಬಿಸಿ ತಾಗಿದಾಗ ಪೂರ್ತಿಯಾಗಿ ಅದು ನಶೆ ತರುವ ಟಿಎಚ್‌ಸಿ ಆಗಿ ಬದಲಾಗುತ್ತದೆ. ಬಾಟಲಿಯಲ್ಲಿ ಹದ ಮಾಡಿದರೆ ಘಾಟು ಕಡಿಮೆಯಾಗಬಹುದು, ನಶೆಯಲ್ಲ.

ಹೇಳಿಕೆ 2: ಮನೆಯದ್ದಾದ್ದರಿಂದ ರೋಗಿಗೆ ಸುರಕ್ಷಿತ
ತಪ್ಪು. ಸುರೇಬಾನ, ರಾಮದುರ್ಗದ ಕಡೆ ಶೇಂಗಾ, ಗೋವಿನಜೋಳ ಬೆಳೆಯುವವರಿಗೆ ಇದು ಗೊತ್ತಿರುವ ಮಾತೇ: ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದ ಕಾಳನ್ನು ಚೀಲದಲ್ಲಿ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಒತ್ತಾದ ಗಾಂಜಾ ಹೂವಿಗೂ ಹಾಗೇ ಆಗುತ್ತದೆ. ಅದರಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳು ಹೊಗೆಯ ಜೊತೆ ಶ್ವಾಸಕೋಶ ಸೇರಬಹುದು. ಕೀಮೋಥೆರಪಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಈ ಸೋಂಕು ಜೀವಕ್ಕೇ ಅಪಾಯ. ಅಂದರೆ ಯಾರಿಗೆ ಒಳ್ಳೆಯದೆಂದು ಮೆಸೇಜ್ ಹೇಳುತ್ತದೋ ಅವರಿಗೇ ಅಪಾಯ ಹೆಚ್ಚು.

ಗಾಂಜಾ ಗಿಡದಿಂದ ತೆಗೆದ ಔಷಧಿ ಇಲ್ಲವೇ? ಇದೆ. ಮಕ್ಕಳ ಕೆಲವು ತೀವ್ರ ಮೂರ್ಛೆರೋಗಗಳಿಗೆ ಸಿಬಿಡಿ ಔಷಧಿಯನ್ನು ಅಮೆರಿಕ 2018ರಲ್ಲಿ ಒಪ್ಪಿತು. ಆದರೆ ಅದರ ಪ್ರತಿ ಹನಿಯಲ್ಲಿ ಎಷ್ಟಿದೆ ಎಂಬುದು ಅಳೆದದ್ದು. ಬಾಟಲಿಯ ಹೂವಿಗೆ ಆ ಅಳತೆಯಿಲ್ಲ.

ಹೇಳಿಕೆ 3: ಒಂದು ಗಿಡಕ್ಕೆ ಕೇಸ್ ಇಲ್ಲ
ಸುಳ್ಳು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ‘ಇಷ್ಟು ಗಿಡದವರೆಗೆ ಬೆಳೆಯಬಹುದು’ ಎಂಬ ವಿನಾಯಿತಿಯೇ ಇಲ್ಲ. ಅನುಮತಿಯಿಲ್ಲದೆ ಬೆಳೆದರೆ ಸೆಕ್ಷನ್ 20ರಡಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆ ‘ಗಾಂಜಾ’ ಎಂದು ಕರೆಯುವುದೇ ಹೂ ಬಿಟ್ಟ ಅಥವಾ ಕಾಯಿ ಬಿಟ್ಟ ತುದಿಯನ್ನು. 1 ಕಿಲೋವರೆಗಿನದ್ದು ‘ಸಣ್ಣ ಪ್ರಮಾಣ’, ಆದರೆ ಅದನ್ನು ಇಟ್ಟುಕೊಂಡರೂ 1 ವರ್ಷದವರೆಗೆ ಜೈಲು, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

“ಶರಣರು, ಅವಧೂತರು ಸೇದುತ್ತಿರಲಿಲ್ಲವೇ?” ಎಂದು ಕೇಳುವವರಿದ್ದಾರೆ. ಉತ್ತರ ಕರ್ನಾಟಕದ ಕೆಲವು ಪರಂಪರೆಗಳಲ್ಲಿ ಆ ಬಳಕೆ ಇರುವುದು ನಿಜ. ಕಾಯ್ದೆ ಅದಕ್ಕೂ ವಿನಾಯಿತಿ ಕೊಟ್ಟಿಲ್ಲ. “ವಿಶ್ವಸಂಸ್ಥೆಯೇ ಒಪ್ಪಿದೆ” ಎಂಬ ಮಾತೂ ಅರ್ಧ ಸತ್ಯ. 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆದರು, ನಿಯಂತ್ರಣ ತೆಗೆದಿಲ್ಲ. ನಮ್ಮ ದೇಶದ ಕಾನೂನೂ ಅದರಿಂದ ಬದಲಾಗಲಿಲ್ಲ.

ಹಾಗಾದರೆ ಏನು ಮಾಡಬೇಕು?
ಮನೆಯಲ್ಲಿ ಕ್ಯಾನ್ಸರ್ ರೋಗಿ ನೋವು ತಿನ್ನುತ್ತಿದ್ದರೆ ವೈದ್ಯರಿಗೆ ಬಿಡಿಸಿ ಹೇಳಿ. ತೀವ್ರ ನೋವಿಗೆ ಮಾರ್ಫಿನ್ ಮಾತ್ರೆಯನ್ನು ವೈದ್ಯರು ಕಾನೂನಿನ ಪ್ರಕಾರವೇ ಅಳೆದು ಕೊಡುತ್ತಾರೆ. ಈ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಅದನ್ನು ನಂಬಿ ಗಿಡ ನೆಟ್ಟವರು ರೋಗಿಯ ಆರೈಕೆ ಬಿಟ್ಟು ಕೋರ್ಟಿಗೆ ಅಲೆಯಬೇಕಾದೀತು.