ಕಾಗದದ ಚಾಪೆಯಿಂದ ಕೌದಿಯ ಹೊಲಿಗೆಗೆ

ರೋಮ್ ನಗರದಲ್ಲಿ 1900ರಲ್ಲಿ ಬುದ್ಧಿಮಾಂದ್ಯ ಮಕ್ಕಳಿಗೆಂದು ತೆರೆದ ಒಂದು ಶಾಲೆಯಲ್ಲಿ ಹೊಲಿಗೆ ಬಾರದ ಹುಡುಗಿಯೊಬ್ಬಳಿದ್ದಳು. ವಯಸ್ಸು 11. ಕೈಯಲ್ಲಿ ಬಲವಿತ್ತು, ಬೆರಳು ಚೆನ್ನಾಗಿ ಆಡುತ್ತಿದ್ದವು. ಆದರೂ ಸೂಜಿ ಹಿಡಿದರೆ ಎಲ್ಲ ನಿಂತುಹೋಗುತ್ತಿತ್ತು. ದಾರವನ್ನು ಒಮ್ಮೆ ಎಳೆಯ ಮೇಲೆ, ಒಮ್ಮೆ ಎಳೆಯ ಕೆಳಗೆ ಹಾಯಿಸುವ ರಫು ಕೆಲಸ ಹೊಲಿಗೆಯ ಮೊದಲ ಪಾಠ. ಅದೇ ಅವಳಿಗೆ ಒಲಿಯಲಿಲ್ಲ.

ಆ ಶಾಲೆಯ ಹೊಣೆ ಹೊತ್ತಿದ್ದ ಯುವ ವೈದ್ಯೆ ಮಾರಿಯಾ ಮಾಂಟೆಸೊರಿ ಅವಳ ಕೈಯಿಂದ ಸೂಜಿಯನ್ನು ತೆಗೆದಿಟ್ಟರು. ಬದಲಿಗೆ ಕಾಗದದ ಪಟ್ಟಿಗಳನ್ನು ಕೊಟ್ಟರು. ಉದ್ದಕ್ಕೆ ಸಾಲಾಗಿ ನಿಂತ ಪಟ್ಟಿಗಳ ನಡುವೆ ಇನ್ನೊಂದು ಪಟ್ಟಿಯನ್ನು ಮೇಲೆ ಕೆಳಗೆ ತೂರಿಸಿ ಪುಟ್ಟ ಚಾಪೆ ಹೆಣೆಯುವ ಕೆಲಸ ಅದು. ಜರ್ಮನಿಯ ಫ್ರೋಬೆಲ್ ಶಿಶುವಿಹಾರಗಳಲ್ಲಿ ಆಟವಾಗಿ ಬಳಕೆಯಲ್ಲಿತ್ತು. ಹುಡುಗಿಗೆ ಹೆಣಿಗೆ ಹಿಡಿಸಿತು, ಕೈ ಪಳಗಿತು. ಆಮೇಲೆ ಮತ್ತೆ ಸೂಜಿ ಕೊಟ್ಟಾಗ ರಫು ಬಂತು.

ಇಷ್ಟೇ ನಡೆದದ್ದು. ಆದರೆ ಮಾಂಟೆಸೊರಿ ಅಲ್ಲಿ ನಿಲ್ಲಲಿಲ್ಲ. ಹೊಲಿಗೆ ಹೇಳಿಕೊಡುವ ಮೊದಲು ಹೊಲಿಗೆಯೊಳಗಿನ ಚಲನೆಯನ್ನು ಬೇರೆ ಕೆಲಸದಲ್ಲಿ ಕಲಿಸಿಬಿಡಬಹುದು ಎಂಬುದು ಅವರಿಗೆ ಹೊಳೆಯಿತು. ಮುಂದೆ ಎಲ್ಲ ಮಕ್ಕಳಿಗೂ ಬರವಣಿಗೆ ಕಲಿಸುವ ಅವರ ಕ್ರಮ ಹುಟ್ಟಿದ್ದು ಈ ಯೋಚನೆಯಿಂದ. 1939ರಲ್ಲಿ ಅವರು ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದರು. ಅವರ ಹೆಸರಿನ ಶಾಲೆಗಳು ಊರೂರಿಗೂ ಬಂದಿವೆ. ಆ ಕ್ರಮಕ್ಕೆ ದಾರಿ ತೋರಿದವರಲ್ಲಿ ಹೊಲಿಗೆ ಬಾರದ ಆ ಹುಡುಗಿಯೂ ಒಬ್ಬಳು ಎಂದು ಶುಲ್ಕ ಕಟ್ಟುವ ತಂದೆತಾಯಿಗಳಿಗೆ ಯಾರೂ ಹೇಳುವುದಿಲ್ಲ. ಹೇಳಬೇಕು.

ಮಕ್ಕಳ ವಿಷಯ ಹೀಗಾಯಿತು. ಬೆಳೆದವರ ಕಡೆಗೆ ಲೋಕ ತಿರುಗಿ ನೋಡಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಇಂಗ್ಲೆಂಡಿನ ದೊಡ್ಡ ಆಸ್ಪತ್ರೆಗಳಲ್ಲಿ ಸಾವಿರಾರು ಬುದ್ಧಿಮಾಂದ್ಯರು ಜೀವಮಾನವಿಡೀ ಇದ್ದರು. ಅವರಿಗೆ ಕಲಿಸುವುದು ವ್ಯರ್ಥ ಎಂಬುದು ತಿಳಿದವರ ಮಾತಾಗಿತ್ತು. 1950ರ ದಶಕದಲ್ಲಿ ಅಲನ್ ಕ್ಲಾರ್ಕ್, ಬಿಯಾಟೆ ಹರ್ಮೆಲಿನ್, ಜ್ಯಾಕ್ ಟಿಜಾರ್ಡ್ ಮೊದಲಾದ ಮನಶ್ಶಾಸ್ತ್ರಜ್ಞರು ಇಂಥವರ ಕೈಗೆ ನಿಜವಾದ ಕಾರ್ಖಾನೆ ಕೆಲಸ ಕೊಟ್ಟು ನೋಡಿದರು: ರಟ್ಟಿನ ಡಬ್ಬಿ ಮಡಿಚುವುದು, ಸೈಕಲ್ ಪಂಪ್ ಜೋಡಿಸುವುದು, ಪ್ಲಗ್ಗಿಗೆ ವೈರ್ ಬೆಸೆಯುವುದು. ಮೊದಲ ದಿನಗಳಲ್ಲಿ ಕೆಲಸ ತೀರಾ ನಿಧಾನ. ಆದರೆ ದಿನ ಕಳೆದಂತೆ ವೇಗ ಏರಿತು, ತಪ್ಪು ಇಳಿಯಿತು. ಒಬ್ಬ ಮನುಷ್ಯ ಮೊದಲ ದಿನ ಎಷ್ಟು ಮಾಡಿದ ಎಂಬುದರಿಂದ ಮುಂದೆ ಎಷ್ಟು ಮಾಡಬಲ್ಲ ಎಂದು ಹೇಳಲಾಗದು ಎಂಬುದು ಅವರಿಗೆ ಸಿಕ್ಕ ಉತ್ತರ. ನನ್ನ ಮಟ್ಟಿಗೆ ಈ ಕತೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ನಮ್ಮ ಮನೆಗಳಲ್ಲಿ ಎಷ್ಟು ಜನರ ಹಣೆಬರಹ ಆ ಮೊದಲ ದಿನವೇ ತೀರ್ಮಾನವಾಗಿಬಿಟ್ಟಿದೆ!

ಮುಂದಿನ ಹೆಜ್ಜೆ ಇಟ್ಟವನು ಅಮೆರಿಕದ ಮಾರ್ಕ್ ಗೋಲ್ಡ್. ಬುದ್ಧಿಮಾಂದ್ಯರ ಕಾರ್ಯಾಗಾರಗಳಲ್ಲಿ ಅವನು ಕಂಡದ್ದು ಸುಲಭದ, ಬೆಲೆಯಿಲ್ಲದ ಕೆಲಸ. ಯಾರು ಬೇಕಾದರೂ ಮಾಡಬಹುದಾದದ್ದನ್ನು ಇವರಿಗೆ ಕೊಟ್ಟರೆ ಇವರ ಬೆಲೆಯೂ ಅಷ್ಟಕ್ಕೇ ನಿಲ್ಲುತ್ತದೆ ಎಂದು ಅವನಿಗೆ ಅನ್ನಿಸಿತು. ಅದಕ್ಕೇ ಕಷ್ಟದ ಕೆಲಸವನ್ನೇ ಹುಡುಕಿದ. 15 ಬಿಡಿಭಾಗಗಳ ಸೈಕಲ್ ಬ್ರೇಕನ್ನು ಆರಿಸಿಕೊಂಡ. ನಾಲ್ಕು ಕಾರ್ಯಾಗಾರಗಳ 64 ಮಂದಿಗೆ ಅದನ್ನು ಜೋಡಿಸಲು ಕಲಿಸಿದ. ಅರ್ಧ ಜನರಿಗೆ ಭಾಗಗಳನ್ನು ಹಾಗೆಯೇ ಕೊಟ್ಟ. ಇನ್ನರ್ಧ ಜನರಿಗೆ ಪ್ರತಿ ಭಾಗದ ಒಂದು ಮುಖಕ್ಕೆ, ಇಡುವಾಗ ನಮ್ಮ ಕಡೆಗೆ ಕಾಣಬೇಕಾದ ಮುಖಕ್ಕೆ, ಕೆಂಪು ಬಣ್ಣ ಬಳಿದು ಕೊಟ್ಟ. ಬಣ್ಣದ ಗುಂಪು ಎಷ್ಟೋ ಬೇಗ ಕಲಿಯಿತು. ಕೊನೆಗೆ 64ರಲ್ಲಿ 63 ಜನ ಬ್ರೇಕ್ ಜೋಡಿಸಿದರು. ಒಂದು ವರ್ಷ ಕಳೆದು ನೋಡಿದಾಗಲೂ ಕಲಿತದ್ದು ಕೈಯಲ್ಲಿ ಉಳಿದಿತ್ತು. ಇದು 1972ರಲ್ಲಿ ಪ್ರಕಟವಾಯಿತು.

ಗೋಲ್ಡ್ ಕಲಿಸುವಾಗ ಮಾತು ಕಡಿಮೆ. ಗದರಿಕೆ ಇಲ್ಲ, ಗಳಿಗೆಗೊಮ್ಮೆ ಶಹಬ್ಬಾಸ್‌ಗಿರಿಯೂ ಇಲ್ಲ. ತಪ್ಪು ಹೆಜ್ಜೆ ಬಿದ್ದರೆ ಕೈಯನ್ನು ಮೆಲ್ಲಗೆ ಸರಿದಾರಿಗೆ ತರುವುದು, ಕೆಲಸವನ್ನು ಇನ್ನೂ ಸಣ್ಣ ಹೆಜ್ಜೆಗಳಾಗಿ ಒಡೆಯುವುದು. ಎದುರಿನವನಿಗೆ ಬರಲಿಲ್ಲವೆಂದರೆ ಕಲಿಸುವವನು ಇನ್ನೊಂದು ದಾರಿ ಹುಡುಕಬೇಕು, ಅಷ್ಟೇ. 'ಇನ್ನೊಂದು ದಾರಿ ನೋಡು' ಎಂಬುದೇ ಅವನ ಪದ್ಧತಿಯ ಹೆಸರಾಯಿತು. 1982ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ ಅವನು ತೀರಿಕೊಂಡ.

ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಒಡೆದು ಕಲಿಸುವ ಈ ವಿದ್ಯೆ ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದವರಿಗೆ ದೂರದ್ದೇನಲ್ಲ. 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರಿಗಾಗಿ ರಾಷ್ಟ್ರೀಯ ಸಂಸ್ಥೆ ಶುರುವಾಯಿತು. ಶಿಕ್ಷಕರಿಗೆ, ತಂದೆತಾಯಿಗಳಿಗೆ ಈ ಕ್ರಮದಲ್ಲೇ ತರಬೇತಿ ಕೊಡುತ್ತ ಬಂದಿದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಲು ಶುರುವಾಗಿದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ, ಸೇಡಂ ಅದೇ ಹಳಿಯ ಮೇಲಿನ ನಿಲ್ದಾಣಗಳು. ಶಹಾಬಾದಿನವರು ವಾಡಿಯಲ್ಲಿ ಗಾಡಿ ಬದಲಿಸಿದರಾಯಿತು. ರೈಲಿಲ್ಲದ ಚಿಂಚೋಳಿಯವರು ಬಸ್ಸಿನಲ್ಲಿ ತಾಂಡೂರಿಗೆ ಹೋಗಿ ಹತ್ತಬೇಕು.

ಇನ್ನು, ನಮ್ಮ ಕಡೆಯ ಬುದ್ಧಿಮಾಂದ್ಯರಿಗೆ ಹೀಗೆ ಕಲಿಸುವ ಕೆಲಸಕ್ಕೆ ಸಾಮಗ್ರಿಯಾಗಬಲ್ಲ ಕಸದ ಮಾತು. ಈ ಸೀಮೆಯಲ್ಲಿ ಮೂರು ಬಗೆಯದು ಕಣ್ಣಿಗೆ ಬೀಳುತ್ತದೆ: ಶಹಾಬಾದಿನ ಫರ್ಸಿ ಗಣಿಗಳ ಕಲ್ಲುಚೂರು, ಸಿಮೆಂಟ್ ಕಾರ್ಖಾನೆಗಳ ನಾಡಾದ್ದರಿಂದ ಎಲ್ಲೆಲ್ಲೂ ಸಿಮೆಂಟ್ ಚೀಲ, ಮತ್ತು ಮನೆಮನೆಯ ಹಳೆ ಅರಿವೆ. ಫರ್ಸಿ ಚೂರು ಚೆಂದ ನಿಜ, ಆದರೆ ಕೊಯ್ದರೆ ಧೂಳು, ಅಂಚು ತಾಗಿದರೆ ಗಾಯ. ಅದನ್ನು ಮೊದಲ ಕೆಲಸವಾಗಿ ಕೊಡಲು ನನಗೆ ಮನಸ್ಸಿಲ್ಲ. ಸಿಮೆಂಟ್ ಚೀಲದಲ್ಲಿ ಉಳಿದ ಪುಡಿ ನೀರು ತಾಗಿದರೆ ಚರ್ಮ ಸುಡುತ್ತದೆ. ಬೇರೆಯವರು ಮೊದಲೇ ತೊಳೆದು ಒಣಗಿಸಿ ಕೊಡಬೇಕು. ಹಾಗೆ ಕೊಟ್ಟ ಚೀಲವನ್ನು ಪಟ್ಟಿಯಾಗಿ ಕತ್ತರಿಸಿದರೆ ಅದು ರೋಮ್‌ನ ಆ ಕಾಗದದ ಪಟ್ಟಿಯ ಕೆಲಸವನ್ನೇ ಮಾಡುತ್ತದೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಚಾಪೆ, ಬುಟ್ಟಿ, ಚೀಲ ಆಗುತ್ತದೆ. ಜೊತೆಗೆ ಕೈ ಕೌದಿಗೆ ಸಿದ್ಧವಾಗುತ್ತದೆ.

ಯಾಕೆಂದರೆ ಕೌದಿಯ ಹೊಲಿಗೆಯೂ ಅದೇ. ಅಜ್ಜಿಯ ಸೀರೆ, ಅಪ್ಪನ ಧೋತರ, ಮಕ್ಕಳ ಹರಿದ ಅಂಗಿ ಪದರ ಪದರವಾಗಿ ಹಾಸಿ, ಅಂಚಿನಿಂದ ಸಾಲು ಹಿಡಿದು ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತ ಹೋಗುವ ಕೆಲಸ. ಕೌದಿ ಹೊಲಿಯುವ ನಮ್ಮ ಅವ್ವಂದಿರನ್ನು ಕೂರಿಸಿಕೊಂಡು ಅವರ ಕೈಯನ್ನು ನೋಡುತ್ತ ಹೆಜ್ಜೆ ಬರೆದುಕೊಳ್ಳಬೇಕು. ಅರಿವೆಯನ್ನು ಬಣ್ಣದ ಪ್ರಕಾರ ಬೇರೆ ಮಾಡುವುದು ಒಂದು ಹೆಜ್ಜೆ. ರಟ್ಟಿನ ಅಳತೆಯಿಟ್ಟು ಗೆರೆ ಎಳೆಯುವುದು ಇನ್ನೊಂದು. ಕತ್ತರಿಸುವುದು, ಅಂಚು ಮಡಿಚುವುದು, ಜಾಗಕ್ಕೆ ಇಡುವುದು, ಸೂಜಿಗೆ ದಾರ ಪೋಣಿಸುವುದು, ಗಂಟು ಹಾಕುವುದು, ಗೆರೆ ಹಿಡಿದು ಹೊಲಿಯುವುದು. ಪ್ರತಿ ತುಂಡಿನ ಮೇಲ್ಮುಖಕ್ಕೆ ಸುದ್ದೆಯ ಗುರುತು ಮಾಡಿದರೆ ಗೋಲ್ಡ್‌ನ ಕೆಂಪು ಬಣ್ಣದ ಕೆಲಸ ಮುಗಿಯಿತು. ಒಬ್ಬಳಿಗೆ ದಾರ ಪೋಣಿಸುವುದು ಬಾರದಿದ್ದರೆ ದೊಡ್ಡ ಕಣ್ಣಿನ ಸೂಜಿ ಕೊಡಬೇಕು. ಅದೂ ಆಗದಿದ್ದರೆ ಪೋಣಿಸಿದ ಸೂಜಿಗಳನ್ನೇ ಸಾಲಾಗಿ ಇಟ್ಟುಕೊಡಬೇಕು. ಇಡೀ ಕೆಲಸದಿಂದ ಅವಳನ್ನು ಎಬ್ಬಿಸಬಾರದು.

ಮಾರಾಟದ ಪ್ರಶ್ನೆ ಬೇರೆ, ಮತ್ತು ಗಡುಸು. ದೆಹಲಿಯಲ್ಲಿ ಮಧುಮಿತಾ ಪುರಿ ಅವರ ಸೊಸೈಟಿ ಫಾರ್ ಚೈಲ್ಡ್ ಡೆವಲಪ್‌ಮೆಂಟ್ ಸಂಸ್ಥೆ ದೇವಸ್ಥಾನಗಳಲ್ಲಿ ಏರಿಸಿ ತೆಗೆದ ಹೂಗಳನ್ನು ತರಿಸಿ, ಬುದ್ಧಿಮಾಂದ್ಯರ ಕೈಯಿಂದ ಬಿಡಿಸಿ, ಒಣಗಿಸಿ, ಹೋಳಿಯ ಬಣ್ಣ ಮಾಡಿಸಿತು. ಆ ಬಣ್ಣಕ್ಕೆ ಗಿರಾಕಿ ಇದ್ದದ್ದು ಮೈಗೆ ಹಚ್ಚಿಕೊಂಡರೆ ಉರಿಯದ ಬಣ್ಣ ಜನಕ್ಕೆ ಬೇಕಿತ್ತು ಎಂಬ ಕಾರಣಕ್ಕೆ. ಕನಿಕರದಿಂದ ಕೊಂಡವನು ಒಂದು ಸಲ ಕೊಳ್ಳುತ್ತಾನೆ. ಬೇಕಾಗಿ ಕೊಂಡವನು ಮತ್ತೆ ಬರುತ್ತಾನೆ. ಎಲ್ಲ ಕಡೆ ಮೇಣದಬತ್ತಿ, ಲಕೋಟೆಗಳನ್ನೇ ಮಾಡಿಸುವುದರಲ್ಲಿ ನನಗೆ ಬೇಸರವಿರುವುದು ಇದಕ್ಕೇ. ಕೌದಿ ಬೇಕಾದ ವಸ್ತು. ನಮ್ಮ ಚಳಿಗಾಲದ ರಾತ್ರಿಗೆ ಬೇಕು, ಹಸುಗೂಸಿನ ಮೈಗೆ ಬೇಕು, ಪಟ್ಟಣದವರ ದಿವಾನಕ್ಕೂ ಬೇಕು. ಆದ್ದರಿಂದ ಹೊಲಿಗೆಯ ಸಾಲು ಸೊಟ್ಟಗಾದ ಕೌದಿಯನ್ನು ಪಾಪ ಎಂದು ಅಂಗಡಿಗೆ ಕಳಿಸಬಾರದು. ಬಿಚ್ಚಿ ಮತ್ತೆ ಹೊಲಿಸಬೇಕು.

2011ರ ಜನಗಣತಿ ದೇಶದಲ್ಲಿ ಸುಮಾರು 15 ಲಕ್ಷ ಬುದ್ಧಿಮಾಂದ್ಯರನ್ನು ಎಣಿಸಿತು. ಇಂಥವರ ಮನೆ ಯಾವುದು ಎಂದು ನಮ್ಮ ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ, ಕೌದಿ ಹೊಲಿಯುವವರ ಮನೆ ಯಾವುದು ಎಂದು ಸ್ತ್ರೀಶಕ್ತಿ ಸಂಘದವರಿಗೆ ಗೊತ್ತಿರುತ್ತದೆ. ಈ ಇಬ್ಬರನ್ನು ಒಂದೇ ಚಾಪೆಯ ಮೇಲೆ ಕೂರಿಸುವುದು ಮೊದಲ ಕೆಲಸ. ಎರಡನೆಯದು ಕೂಲಿ: ಮಾಡಿದ ಹೆಜ್ಜೆಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ, ಹೊಲಿದವಳ ಹೆಸರಿನ ಬ್ಯಾಂಕ್ ಖಾತೆಗೇ ಹಾಕಬೇಕು, ಅಣ್ಣತಮ್ಮಂದಿರ ಕೈಗಲ್ಲ.