ಡಯಲ್ ಬಿಡಿ, ಮೆಷಿನ್ ನೋಡಿ

ಹಳೆಯ ಸ್ವಿಸ್ ಕೈಗಡಿಯಾರದ ಡಯಲ್ ಫಳಫಳ ಹೊಳೆಯುತ್ತಿದ್ದರೆ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಎಂದರ್ಥ: ಈ ಮಾತನ್ನು ಗಾಂಧಿಬಜಾರಿನಲ್ಲೂ ಕೇಳಿದ್ದೇನೆ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೂ ಕೇಳಿದ್ದೇನೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಅರವತ್ತು ವರ್ಷ ಬೆವರು, ತೇವ, ಬಿಸಿಲು ಕಂಡ ಡಯಲ್ ಸ್ವಲ್ಪವಾದರೂ ಕಂದಿರುತ್ತದೆ. ಕಂದಿಲ್ಲವೆಂದರೆ ಯಾರೋ ಮೂಲ ಬಣ್ಣ ಕೆರೆದು, ಹೊಸದು ಬಳಿದು, ಹೆಸರನ್ನು ಮತ್ತೆ ಅಚ್ಚೊತ್ತಿದ್ದಾರೆ ಎಂದೇ ಮೊದಲು ಅನುಮಾನಿಸಬೇಕು. ಕಿತ್ತಳೆ, ಗಿಳಿಹಸಿರು ಬಣ್ಣ ಬಳಿದುಕೊಂಡ ಫಾವ್ರ್-ಲೂಬಾ, ಕ್ಯಾಮಿ ಗಡಿಯಾರಗಳನ್ನು ಹೊರದೇಶದ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದೇ ಕರೆದು ದೂರ ಇಡುತ್ತಾರೆ. ನಮ್ಮವರು ಅವನ್ನೇ ಹುಡುಕಿಕೊಂಡು ಹೋಗುತ್ತಾರೆ.

ಲೂಪ್, ಅಂದರೆ ಗಡಿಯಾರದವರ ಭೂತಗನ್ನಡಿ, ಹಿಡಿದು ಡಯಲ್ ನೋಡಿ. ಮೂಲ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಶಾಯಿ ಕೂದಲೆಳೆಯಷ್ಟು ಉಬ್ಬಿರುತ್ತದೆ. ಮರುಬಣ್ಣದಲ್ಲಿ ಅಕ್ಷರ ದಪ್ಪಗಾಗಿ ಹರಡಿರುತ್ತದೆ, ನಿಮಿಷದ ಗೆರೆಗಳು ಒಂದೇ ಅಳತೆಯಲ್ಲಿರುವುದಿಲ್ಲ, ಆರರ ಕೆಳಗಿನ ‘ಸ್ವಿಸ್ ಮೇಡ್’ ಸೊಟ್ಟಗಿರುತ್ತದೆ ಅಥವಾ ಇರುವುದೇ ಇಲ್ಲ.

ಆಮೇಲೆ ಹಿಂಬದಿ ಮುಚ್ಚಳ ತೆಗೆಸಿ. ಡಯಲ್ ಮೇಲಿನ ಹೆಸರು ಗಡಿಯಾರ ಮಾರಿದವರದು. ಮೆಷಿನ್ ಮಾಡಿದವರು ಬೇರೆಯೇ ಇರಬಹುದು. ಎಷ್ಟೋ ಸ್ವಿಸ್ ಕಂಪನಿಗಳು ಎ. ಶಿಲ್ಡ್, ಎಫ್‌ಎಚ್‌ಎಫ್, ಪೆಸೂ, ಈಟಿಎಗಳಿಂದ ಮೆಷಿನ್ ಕೊಂಡು ತಮ್ಮ ಕೇಸಿಗೆ ಕೂರಿಸುತ್ತಿದ್ದವು. ಬ್ಯಾಲೆನ್ಸ್ ಚಕ್ರದ ಅಡಿಯಲ್ಲೋ ಪಕ್ಕದಲ್ಲೋ ಆ ತಯಾರಕರ ಗುರುತು, ಕ್ಯಾಲಿಬರ್ ಸಂಖ್ಯೆ ಸಣ್ಣದಾಗಿ ಒತ್ತಿರುತ್ತದೆ. ಡಯಲ್ ‘ಇಂಕಾಬ್ಲಾಕ್’ (ಆಘಾತ ತಡೆಯುವ ವ್ಯವಸ್ಥೆ) ಎನ್ನುತ್ತಿದ್ದರೆ ಬ್ಯಾಲೆನ್ಸಿನ ನೆತ್ತಿಯ ಮೇಲೆ ಲೈರ್ ವಾದ್ಯದ ಆಕಾರದ ಪುಟ್ಟ ಸ್ಪ್ರಿಂಗ್ ಕಾಣಬೇಕು. ಡಯಲ್ 25 ಜ್ಯುವೆಲ್ ಎಂದು, ಮೆಷಿನ್ 17 ಎಂದು ಹೇಳಿದರೆ ಮೆಷಿನ್ ಮಾತೇ ಸರಿ. ‘ಟಿ ಸ್ವಿಸ್ ಮೇಡ್ ಟಿ’ ಎಂದಿದ್ದರೆ ಕತ್ತಲಲ್ಲಿ ಹೊಳೆಯಲೆಂದು ಮುಳ್ಳು, ಅಂಕಿಗಳಿಗೆ ಹಚ್ಚಿದ್ದು ಟ್ರಿಟಿಯಮ್. ಅದು 1960ರ ದಶಕದಿಂದೀಚೆಗಿನ ಪದ್ಧತಿ. ಅಂಥ ಡಯಲ್ 1940ರ ಮೆಷಿನ್ ಮೇಲೆ ಕೂತಿದ್ದರೆ ಎರಡನ್ನೂ ಯಾರೋ ಆಮೇಲೆ ಜೋಡಿಸಿದ್ದಾರೆ.

ಮಾರುವವರಿಗಿಂತ ಹೆಚ್ಚು ಹಾನಿ ಮಾಡುತ್ತಿರುವವರು ಪ್ರೀತಿಯಿಂದ ರಿಪೇರಿಗೆ ಕೊಡುವ ಮನೆಯವರು. ವೆಸ್ಟ್ ಎಂಡ್ ಕಂಪನಿಯ ಹಳೆಯ ಡಯಲ್‌ಗಳಲ್ಲಿ ಬಾಂಬೆ, ಕಲ್ಕತ್ತಾ ಎಂಬ ಊರ ಹೆಸರುಗಳೂ ಇರುತ್ತಿದ್ದವು. ಚಾಮರಾಜಪೇಟೆಯ ಪರಿಚಿತರೊಬ್ಬರ ಮನೆಯಲ್ಲಿ ಅಂಥದೊಂದಿತ್ತು. ಡಯಲ್ ಕೆನೆಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ತುಕ್ಕಿನ ಚುಕ್ಕೆ. ಸರ್ವಿಸಿಗೆ ಹೋಗಿ ಬಂದಾಗ ಅಚ್ಚ ಬಿಳಿ, ಊರುಗಳೆರಡೂ ಮಾಯ. ಗಡಿಯಾರ ಈ ದೇಶಕ್ಕೆ ಹೇಗೆ ಬಂತೆಂದು ಹೇಳುತ್ತಿದ್ದ ಆ ಎರಡು ಪದಗಳನ್ನು ದುಡ್ಡು ಕೊಟ್ಟು ಅಳಿಸಿಕೊಂಡಿದ್ದರು. ಮನೆಯವರಿಗೆ ಮಾತ್ರ ಖುಷಿಯೋ ಖುಷಿ.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ಜ್ಯುವೆಲ್ ಎನ್ನುವ ಮೆಷಿನ್ನಿನ ಕೆಂಪು ಕಲ್ಲುಗಳು ಕೃತಕ ಮಾಣಿಕ್ಯ, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನೈ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತಯಾರಾದವು; ಕಿತ್ತು ಮಾರಿದರೆ ಪುಡಿಗಾಸೂ ಹುಟ್ಟದು. ಕೀ ಜಾಸ್ತಿ ಕೊಟ್ಟಿದ್ದಕ್ಕೆ ನಿಂತಿತೆನ್ನುವ ಗಡಿಯಾರ ಸಾಮಾನ್ಯವಾಗಿ ನಿಂತಿರುವುದು ಎಣ್ಣೆ ಒಣಗಿ. ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಸ್ವಿಸ್ ನಕಲಲ್ಲ, 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಶುರುವಾದದ್ದು. ರೇಡಿಯಂ ಡಯಲ್ ಹೊಳಪು ಕಳೆದುಕೊಂಡರೆ ನಿರಪಾಯಕಾರಿ ಎಂಬುದಂತೂ ಅಪಾಯದ ಮಾತು: ಸತ್ತಿರುವುದು ಬೆಳಕು ಸೂಸುವ ಪುಡಿ ಮಾತ್ರ, ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಅದನ್ನು ಕೆರೆಯಬೇಡಿ, ಊದಬೇಡಿ.

ಗಾಂಧಿಬಜಾರಿನಲ್ಲಿ ಬದನೆಕಾಯಿಯನ್ನು ತಿರುಗಿಸಿ ನೋಡದೆ ಕೊಳ್ಳದ ಜನ, ಸಾವಿರಾರು ರೂಪಾಯಿಯ ಗಡಿಯಾರದ ಬೆನ್ನು ತೆಗೆಸುವುದಿಲ್ಲ. ‘ದಿವಾನರ ಮನೆಯದು ಸಾರ್’ ಎಂದರೆ ಸಾಕು, ಕೈ ಜೇಬಿಗೆ ಹೋಗುತ್ತದೆ. ವಾಟ್ಸಾಪ್ ಔಷಧಿಯಿಂದ ಹಿಡಿದು ಸೈಟಿನ ಪತ್ರದವರೆಗೆ ಕಥೆಯನ್ನೇ ಪುರಾವೆ ಎಂದು ನಂಬುವ ಈ ಚಾಳಿ ಓದಿದವರಲ್ಲೇ ಹೆಚ್ಚು ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಮನೆಯಲ್ಲಿ ಹಳೆಯ ಗಡಿಯಾರವೊಂದಿದ್ದರೆ ರಿಪೇರಿಗೆ ಕೊಡುವ ಮುಂಚೆ ಡಯಲ್, ಮೆಷಿನ್ ಎರಡರದೂ ಫೋಟೋ ತೆಗೆದುಕೊಳ್ಳಿ. ರಸೀದಿಯಲ್ಲಿ ಬರೆಸಿ: ಡಯಲ್ ಮುಟ್ಟಬಾರದು, ಕೇಸಿಗೆ ಪಾಲಿಶ್ ಬೇಡ, ಬದಲಿಸಿದ ಹಳೆಯ ಭಾಗಗಳೆಲ್ಲ ವಾಪಸ್ ಬೇಕು.