ಊರಿಗೆ ಮರಳಲೊಲ್ಲದ ಸೈನಿಕರು

ಯುದ್ಧ ನಿಂತ ಮೇಲೂ ಊರಿಗೆ ಹೋಗಲೊಪ್ಪದ ಸೆರೆಸಿಕ್ಕ ಸೈನಿಕರನ್ನು ಏನು ಮಾಡಬೇಕು?

ಕೊರಿಯಾ ಯುದ್ಧದ ಶಾಂತಿ ಮಾತುಕತೆ ಬಹುಕಾಲ ಸಿಕ್ಕಿಬಿದ್ದದ್ದು ಈ ಪ್ರಶ್ನೆಯಲ್ಲೇ. 1951ರ ಜುಲೈನಲ್ಲಿ ಸಂಧಾನ ಶುರುವಾದರೂ ಕದನ ವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ಕ್ಕೆ. ಯುದ್ಧ ಮುಗಿದೊಡನೆ ಕೈದಿಗಳನ್ನು ತಾಯ್ನಾಡಿಗೆ ಕಳಿಸಬೇಕು ಎನ್ನುತ್ತದೆ 1949ರ ಜಿನೀವಾ ಒಪ್ಪಂದ. ಚೀನಾ, ಉತ್ತರ ಕೊರಿಯಾ ಅದಕ್ಕೇ ಪಟ್ಟು ಹಿಡಿದವು. ಒಲ್ಲದವರನ್ನು ಬಲವಂತವಾಗಿ ಕಳಿಸಲಾಗದು ಎಂದಿತು ಅಮೆರಿಕ. ದೇಶದ ಹಕ್ಕು ದೊಡ್ಡದೋ, ಮನುಷ್ಯನ ಇಚ್ಛೆ ದೊಡ್ಡದೋ? ವಾದ ಮುಗಿಯುವ ತನಕ ರಣರಂಗದಲ್ಲಿ ಸಾವು ನಿಲ್ಲಲಿಲ್ಲ.

ಕೊನೆಗೆ ಮರಳಲೊಲ್ಲದ ಕೈದಿಗಳ ಹೊಣೆ ಹೊತ್ತದ್ದು ಐದು ದೇಶಗಳ ತಟಸ್ಥ ಆಯೋಗ. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಿರ್ಣಾಯಕ ಮತ ಭಾರತದ್ದು. ಅಧ್ಯಕ್ಷರು, ಕೊಡಗಿನ ಸೇನಾಧಿಕಾರಿ ಕೆ. ಎಸ್. ತಿಮ್ಮಯ್ಯ.

ಭಾರತೀಯ ಪಡೆ ತಮ್ಮ ನೆಲ ಮೆಟ್ಟಕೂಡದು ಎಂದರು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ. ಹಾಗಾಗಿ ಭಾರತೀಯ ಸೈನಿಕರನ್ನು ಹೆಲಿಕಾಪ್ಟರ್‌ಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಕಾದಿದ್ದವರು 22,000ಕ್ಕೂ ಹೆಚ್ಚು ಕೈದಿಗಳು. ಶಿಬಿರಗಳ ಒಳಗೆ ಗುಂಪುಗಳದ್ದೇ ದರ್ಬಾರು. ಮರಳುವ ಮನಸ್ಸಿದ್ದವರಿಗೆ ಬೆದರಿಕೆ, ಕೊಲೆಗಳೂ ನಡೆದವು. ತಾಯ್ನಾಡಿನ ಪ್ರತಿನಿಧಿಗಳು ಬಂದು ಕೈದಿಗಳಿಗೆ ಮರಳುವ ಹಕ್ಕನ್ನು ವಿವರಿಸಲು 90 ದಿನಗಳ ಅವಕಾಶವಿತ್ತು. ಬಹಳಷ್ಟು ಕೈದಿಗಳು ಆ ವಿವರಣೆಯ ಡೇರೆಗಳಿಗೆ ಬರಲೇ ಇಲ್ಲ. ಎಳೆದು ತರಲು ಬಲ ಪ್ರಯೋಗಿಸಿದ್ದರೆ ರಕ್ತಪಾತ ಖಚಿತವಿತ್ತು. ತಿಮ್ಮಯ್ಯ ಆ ದಾರಿ ಹಿಡಿಯಲಿಲ್ಲ. ಆಯೋಗದ ಅತಿ ದೊಡ್ಡ ನಿರ್ಧಾರ ಅದೇ.

ಬಹುತೇಕ ಚೀನೀಯರು ತೈವಾನಿಗೆ ಹೋದರು, ಕೊರಿಯನ್ನರು ದಕ್ಷಿಣಕ್ಕೆ. ಯಾವ ಕಡೆಯೂ ಬೇಡವೆಂದ 88 ಮಂದಿ 1954ರಲ್ಲಿ ಭಾರತೀಯ ಪಡೆಯೊಂದಿಗೆ ಭಾರತಕ್ಕೆ ಬಂದರು. ಮುಂದೆ ಅವರಲ್ಲಿ ಹಲವರು ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ನೆಲೆಯಾದರು.